ಕ್ಯಾಮೆರಾ ತಿರುಗಿಸಿದಾಗ ವಸ್ತುಗಳು ತಡವಾಗಿ ಕಾಣುತ್ತಿದ್ದದ್ದು ಸರಿಹೋದ ಬಗೆ

ನನ್ನ 3ಡಿ ದೃಶ್ಯದಲ್ಲಿ ಬೇರೆ ವಸ್ತುಗಳ ಮರೆಯಲ್ಲಿರುವುದನ್ನು ಡ್ರಾ ಮಾಡದೆ ಬಿಡುತ್ತೇನೆ, ಇದಕ್ಕೆ ಕಲ್ಲಿಂಗ್ ಅಂತಾರೆ. ಕ್ಯಾಮೆರಾ ನಿಂತಿದ್ದಾಗ ಎಲ್ಲ ಸರಿ. ಬೇಗ ತಿರುಗಿಸಿದರೆ ಮಾತ್ರ ಗೋಡೆಯ ಮರೆಯಿಂದ ಹೊರಬರಬೇಕಾದ ವಸ್ತುಗಳು ಒಂದು ಫ್ರೇಮ್ ತಡವಾಗಿ ಫಕ್ಕನೆ ಕಾಣಿಸುತ್ತಿದ್ದವು.

ಬೌಂಡಿಂಗ್ ಬಾಕ್ಸ್‌ಗಳನ್ನು (ಪ್ರತಿ ವಸ್ತುವನ್ನು ಸುತ್ತುವರಿಯುವ ಡಬ್ಬಿ) ದೊಡ್ಡದು ಮಾಡಿದೆ, ತೊಂದರೆ ಕಡಿಮೆಯಾಯಿತು, ಆದರೆ ಸುಮ್ನೆ ಜಾಸ್ತಿ ವಸ್ತುಗಳು ಡ್ರಾ ಆಗತೊಡಗಿದವು. ಹಿಂದಿನ ಫ್ರೇಮಿನ ಡೆಪ್ತ್ ಅನ್ನು (ಪ್ರತಿ ಪಿಕ್ಸೆಲ್‌ನಲ್ಲಿ ಕಾಣುವುದು ಎಷ್ಟು ದೂರ ಎಂಬ ದಾಖಲೆ) ಕ್ಯಾಮೆರಾದ ಹೊಸ ಸ್ಥಾನಕ್ಕೆ ಹೊಂದಿಸಿದೆ, ಅಂಚುಗಳಲ್ಲಿ ತೂತು ಬಿತ್ತು. ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್) ಮುಟ್ಟಿದ್ದಂತೂ ದಂಡ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹಿಂದಿನ ಫ್ರೇಮಿನ ಡೆಪ್ತ್ ನೋಡಿ ಈ ಫ್ರೇಮಿನಲ್ಲಿ ಯಾವುದು ಮರೆಯಲ್ಲಿದೆ ಅಂತ ತೀರ್ಮಾನಿಸುತ್ತಿದ್ದದ್ದೇ ತಪ್ಪು. ಕಲ್ಲಿಂಗ್ ಅನ್ನು ಎರಡು ಸುತ್ತು ಮಾಡಿದೆ, ಸರಿಹೋಯಿತು. ಮೊದಲು ಹಿಂದಿನ ಫ್ರೇಮಿನಲ್ಲಿ ಕಂಡಿದ್ದ ವಸ್ತುಗಳನ್ನಷ್ಟೇ ಈಗಿನ ಕ್ಯಾಮೆರಾದ ಮ್ಯಾಟ್ರಿಕ್ಸ್‌ನಲ್ಲಿ ಡ್ರಾ ಮಾಡಿ. ಆ ಡೆಪ್ತ್‌ನಿಂದ ಮಿಪ್ ಪಿರಮಿಡ್ ಕಟ್ಟಿ, ಅಂದರೆ ಹಂತ ಹಂತಕ್ಕೂ ಅಳತೆ ಅರ್ಧವಾಗುವ ಪ್ರತಿಗಳ ಸಾಲು. ಪ್ರತಿ 2×2 ಪಿಕ್ಸೆಲ್‌ಗೆ ಅತಿ ದೂರದ ಬೆಲೆ ಉಳಿಯಬೇಕು, ಅಂದರೆ ಸಾಮಾನ್ಯ ಡೆಪ್ತ್‌ಗೆ ಮ್ಯಾಕ್ಸ್, ರಿವರ್ಸ್ಡ್ ಝಡ್‌ಗೆ (ಹತ್ತಿರದ್ದಕ್ಕೆ ದೊಡ್ಡ ಬೆಲೆ ಬರುವ ಡೆಪ್ತ್) ಮಿನ್ (ನನ್ನ ಒಂದು ದಿನ ಇಲ್ಲೇ ಹೋಯಿತು). ಆಮೇಲೆ ಎಲ್ಲ ವಸ್ತುಗಳ ಬಾಕ್ಸನ್ನೂ ಇದರ ಎದುರು ಪರೀಕ್ಷಿಸಿ, ಹೊಸದಾಗಿ ಪಾಸಾದವನ್ನು (ಮರೆಯಲ್ಲಿಲ್ಲ ಅಂತ ಗೊತ್ತಾದವನ್ನು) ಮಾತ್ರ ಡ್ರಾ ಮಾಡಿ, ಪಾಸಾದ ಅಷ್ಟನ್ನೂ ಮುಂದಿನ ಫ್ರೇಮಿಗೆ ಪಟ್ಟಿ ಮಾಡಿಡಿ.

ಪರದೆಯ ಮೇಲೆ ಬಾಕ್ಸ್‌ನ ಉದ್ದನೆಯ ಬದಿ 100 ಪಿಕ್ಸೆಲ್ ಇದ್ದರೆ ಪಿರಮಿಡ್‌ನ 7ನೇ ಹಂತ ಹಿಡಿಯಿರಿ (ಪೂರ್ತಿ ಅಳತೆಯದ್ದು 0), ಅಲ್ಲಿ ಒಂದು ಟೆಕ್ಸೆಲ್‌ನ (ಪಿರಮಿಡ್‌ನ ಒಂದು ಚೌಕ) ಬದಿ ಅಂದರೆ 128 ಪಿಕ್ಸೆಲ್, ಹಾಗಾಗಿ 4 ಟೆಕ್ಸೆಲ್ ಓದಿದರೆ ಸಾಕು. ಇನ್ನೊಂದು: ಪರದೆಯ 1080 ಪಿಕ್ಸೆಲ್ ಎತ್ತರ ಪಿರಮಿಡ್‌ನಲ್ಲಿ ಅರ್ಧವಾಗುತ್ತಾ 135ಕ್ಕೆ ಬಂದು ಮುಂದೆ 67 ಆಗುತ್ತದಲ್ವಾ, ಅಲ್ಲಿ ಕೊನೆಯ ಸಾಲು ಬಿಟ್ಟುಹೋಗುತ್ತದೆ. ಬೆಸ ಅಳತೆ ಬಂದಾಗ ಎರಡರ ಬದಲು ಮೂರು ಸಾಲು ಓದಿಸಿ.