ಕುದುರೆಯ ಮುಖ ಓದಲು ಕಲಿತದ್ದು

ನಮ್ಮ ಲಾಯದಲ್ಲಿ ನನಗೆ ಬಿದ್ದಿದ್ದ ಅಡ್ಡಹೆಸರು 'ಜ್ಯೋತಿಷಿ'. ಕಳೆದ ತಿಂಗಳಿನಿಂದ ಆ ಹೆಸರು ಕೇಳಿಸುತ್ತಿಲ್ಲ.

ಕುದುರೆಗೆ ನೋವಿದೆಯೇ ಎಂದು ಮುಖದ ಆರು ಗುರುತುಗಳಿಂದ ಅಳೆಯುವ ಒಂದು ಪದ್ಧತಿ 2014ರಲ್ಲಿ ಪ್ರಕಟವಾಯಿತು: ಕಿವಿ, ಕಣ್ಣು, ಕಣ್ಣಿನ ಮೇಲ್ಭಾಗ, ದವಡೆ, ಬಾಯಿ ಮತ್ತು ಗದ್ದ, ಹೊಳ್ಳೆ, ಒಂದೊಂದಕ್ಕೆ 0ಯಿಂದ 2 ಅಂಕ; ಅಂಕ ಹೆಚ್ಚಿದಷ್ಟೂ ನೋವು ಹೆಚ್ಚು. ಕಾಗದದ ಮೇಲೆ ಸಲೀಸು. ಲಾಯದಲ್ಲಿ ಮೊದಲ ಏಳೆಂಟು ತಿಂಗಳು ನನಗೆ ದಕ್ಕಿದ್ದು ಬರೀ ನಗೆಪಾಟಲು.

ಒಂದು ಮಧ್ಯಾಹ್ನ ಗಂಡುಕುದುರೆಯೊಂದು ಕಣ್ಣು ಅರೆಮುಚ್ಚಿ, ಕಿವಿ ಹಿಂದಕ್ಕೆ ಬಿಟ್ಟು ನಿಂತಿತ್ತು. ನಾಲ್ಕು ಅಂಕ ಕೊಟ್ಟು ವೈದ್ಯರನ್ನು ಕರೆಸಿದೆ. ಅವರು ಬರುವ ಹೊತ್ತಿಗೆ ಅದು ಆಕಳಿಸಿ ಹುಲ್ಲಿಗೆ ಬಾಯಿ ಹಾಕಿತ್ತು. ನಿದ್ದೆ! ಶುಲ್ಕ ನನ್ನ ಕಿಸೆಯಿಂದ ಹೋಯಿತು. ಇಂಥದ್ದು ಮೂರು ಸಲ. ತೂಕಡಿಸುವ ಕುದುರೆಯ ಕೆಳತುಟಿ ಜೋತುಬಿದ್ದಿರುತ್ತದೆ, ನೋವಿದ್ದರೆ ಬಾಯಿ ಬಿಗಿದು ಗದ್ದ ಎದ್ದು ಕಾಣುತ್ತದೆ; ಇಷ್ಟು ಕಲಿಯಲು ಮೂರು ಶುಲ್ಕ.

ಎದುರು ನಿಂತು ನೋಡುವುದೂ ದಂಡವೇ. ನನ್ನನ್ನು ಕಂಡೊಡನೆ ಕಿವಿ ಮುಂದಕ್ಕೆ ಬರುತ್ತದೆ, ನೋವು ಅಡಗುತ್ತದೆ. ಅರ್ಧ ತಿಂಗಳ ಸಂಬಳ ಸುರಿದು ಕ್ಯಾಮೆರಾ ತಂದೆ. ಎರಡನೇ ದಿನವೇ ಒಂದು ಮರಿ ಅದರ ತಂತಿಯನ್ನು ಅಗಿದು ಹಾಕಿತು. ಈಗ ಹಳೆಯ ಮೊಬೈಲೊಂದನ್ನು ಕುದುರೆಯ ಕಣ್ಣಿನ ಎತ್ತರಕ್ಕೆ, ಪಕ್ಕದಿಂದ ಮುಖ ಕಾಣುವಂತೆ ಕಟ್ಟಿದ್ದೇನೆ. ಹೋಲಿಸಿ ನೋಡಲು ಪ್ರತಿ ಕುದುರೆಯದೂ ಸುಮಾರು ಇಪ್ಪತ್ತು ನೆಮ್ಮದಿಯ ಚಿತ್ರಗಳಿವೆ, ಏಕೆಂದರೆ ಕೆಲವಕ್ಕೆ ಕಣ್ಣಿನ ಮೇಲೆ ಸದಾ ಮಡಿಕೆ ಇರುತ್ತದೆ. ಯಾವ ಹೊತ್ತಿನ ಚಿತ್ರ ಆರಿಸುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಚಿತ್ರಗಳಲ್ಲಿ ಕಿವಿಗಳನ್ನು ಕಾಗದದಿಂದ ಮುಚ್ಚಿ ಜೊತೆಯವರಿಗೆ ತೋರಿಸಿದೆ. ಎಲ್ಲರೂ ತಡಬಡಾಯಿಸಿದರು, ಅಷ್ಟು ದಿನ ಕಿವಿಯೊಂದನ್ನೇ ಓದುತ್ತಿದ್ದರು, ನಾನೂ ಸೇರಿ! ಅಂದಿನಿಂದ ಮೊದಲು ಕಣ್ಣು, ದವಡೆಗಳಿಗೆ ಅಂಕ ಹಾಕಿ ಆಮೇಲೆ ಕಿವಿ ತೆರೆಯುತ್ತೇನೆ. ಕುದುರೆಯ ಭಯ ಓದುವುದು ಮಾತ್ರ ಇನ್ನೂ ಕೈಕೊಡುತ್ತದೆ. ಹೊಳ್ಳೆ ಅರಳಿ ಕಣ್ಣಿನ ಬಿಳಿ ಕಂಡರೆ ಭಯ ಎನ್ನುತ್ತೇವೆ, ಆದರೆ ಮೈಮೇಲೆ ಚುಕ್ಕೆಯಿರುವ ಕೆಲವು ತಳಿಗಳಲ್ಲಿ ಆ ಬಿಳಿ ಯಾವಾಗಲೂ ಕಾಣುತ್ತದೆ.

ಕಳೆದ ತಿಂಗಳು, ಸದಾ ಒಂದು ಅಂಕದಲ್ಲಿರುವ ಹೆಣ್ಣುಕುದುರೆ ಮೂರು ದಿನ ನಾಲ್ಕೈದರಲ್ಲೇ ನಿಂತಿತು. ಮೇವು ಸರಿಯಾಗಿತ್ತು, ನಾಡಿಯೂ ಸರಿ. ಎಲ್ಲರೂ ನಕ್ಕರು. ವೈದ್ಯರು ಬಾಯಿ ತೆರೆದು ನೋಡಿದರೆ ಹಿಂದಿನ ಹಲ್ಲಿನ ಚೂಪು ಅಂಚು ಕೆನ್ನೆಯ ಒಳಗೆ ಹುಣ್ಣು ಮಾಡಿತ್ತು. ಅರದಿಂದ ಉಜ್ಜಿದ ಹತ್ತು ದಿನಕ್ಕೆ ಅಂಕ ಮತ್ತೆ ಒಂದಕ್ಕೆ ಇಳಿಯಿತು.

ಮಾಲೀಕರು ಆ ಮೂರು ಶುಲ್ಕಗಳಲ್ಲಿ ಒಂದನ್ನು ಮರಳಿಸಿದ್ದಾರೆ. ಉಳಿದೆರಡರ ಮಾತನ್ನೇ ಎತ್ತುತ್ತಿಲ್ಲ.