ಭಜಿಯ ಎಣ್ಣೆ ಜೀವಕೋಶದ ಒಳಗೆ ಹೋಗುವುದು ಹೇಗೆ? ಚಿತ್ರ ಬರೆದು ನೋಡಿ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಿಸಿ ಮಿರ್ಚಿ ಭಜಿ ತಿಂದಿರಿ. ಕೈಗೆ ಹತ್ತಿದ ಶೇಂಗಾ ಎಣ್ಣೆಯನ್ನೇನೋ ಒರೆಸಿಕೊಂಡಿರಿ. ಹೊಟ್ಟೆಗೆ ಹೋದದ್ದು ಏನಾಗುತ್ತದೆ? ಒಂದು ಹಾಳೆ, ಒಂದು ಪೆನ್ಸಿಲ್ ತಗೊಳ್ಳಿ. ಪಿಯು ಓದುವ ಮಕ್ಕಳಿದ್ದರೆ ಪಕ್ಕಕ್ಕೆ ಕೂರಿಸಿಕೊಳ್ಳಿ.

ಮೊದಲು ಎಣ್ಣೆ ಒಡೆಯಬೇಕು. ಎಣ್ಣೆ ಅಂದರೆ ಹೆಚ್ಚಾಗಿ ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲ. ಇಡಿಯಾಗಿ ಇದು ಜೀವಕೋಶದ ಪೊರೆ ದಾಟುವುದಿಲ್ಲ. ಕರುಳಿನಲ್ಲಿ ಲೈಪೇಸ್ ಕಿಣ್ವ ಕತ್ತರಿಸುತ್ತದೆ, ಕರುಳಿನ ಕೋಶ ಮತ್ತೆ ಜೋಡಿಸಿ ಕಳಿಸುತ್ತದೆ, ಸ್ನಾಯುವಿನ ಹತ್ತಿರ ಇನ್ನೊಂದು ಲೈಪೇಸ್ ಮತ್ತೆ ಕತ್ತರಿಸುತ್ತದೆ.

ಈಗ ಪೊರೆ ಬರೆಯಿರಿ. ಫಾಸ್ಫೊಲಿಪಿಡ್‌ಗಳ (ನೀರಿಗೆ ಒಗ್ಗುವ ತಲೆ, ಜಿಡ್ಡಿನ ಬಾಲ ಇರುವ ಅಣುಗಳು) ಎರಡು ಸಾಲು, ತಲೆಗಳು ಹೊರಕ್ಕೆ, ಬಾಲಗಳು ಒಂದಕ್ಕೊಂದು ಎದುರು. ಮೇಲಿನ ಸಾಲಿನಲ್ಲಿ ಒಂದು ಓಲಿಯಿಕ್ ಆಮ್ಲ ಸಿಗಿಸಿ. ಶೇಂಗಾ ಎಣ್ಣೆಯಲ್ಲಿ ಜಾಸ್ತಿ ಇರುವುದು ಇದೇ, 18 ಕಾರ್ಬನ್ನಿನದು. ಇದರ ಉದ್ದನೆಯ ಬಾಲ ಪೊರೆಯೊಳಗೆ ಆರಾಮಾಗಿ ಕೂರುತ್ತದೆ. ತಕರಾರು ತಲೆಯದು. ಅದಕ್ಕೆ ಋಣ ಚಾರ್ಜ್ ಇದ್ದರೆ ನಡುವಿನ ಜಿಡ್ಡಿನ ಪದರ ದಾಟುವುದು ಕಷ್ಟ. ಆದರೆ ತಲೆ ಒಂದು ಪ್ರೋಟಾನ್ ಹಿಡಿದುಕೊಂಡರೆ ಚಾರ್ಜ್ ಹೋಯಿತು! ಆಗ ಆಮ್ಲ ಲಾಗ ಹಾಕಿ ಒಳಸಾಲಿಗೆ ಬರುತ್ತದೆ, ಅಲ್ಲಿ ಪ್ರೋಟಾನ್ ಬಿಡುತ್ತದೆ. ಇದೇ ಫ್ಲಿಪ್-ಫ್ಲಾಪ್. ಪ್ರೋಟಾನಿಗೆ ಒಂದು ಚುಕ್ಕೆ ಇಡಿ, ಅದಿಲ್ಲದಿದ್ದರೆ ಚಿತ್ರಕ್ಕೆ ಅರ್ಥವೇ ಇಲ್ಲ.

ಹೀಗೆ ತಾನೇ ಲಾಗ ಹಾಕಿ ದಾಟುವುದಾದರೆ, ದಾಟಿಸಲು ಪೊರೆಯಲ್ಲಿ ಪ್ರೋಟೀನ್ ಯಾಕೆ ಬೇಕು? ಈ ಬಗ್ಗೆ ವಿಜ್ಞಾನಿಗಳು ವರ್ಷಗಟ್ಟಲೆ ವಾದ ಮಾಡಿದ್ದಾರೆ. ನನ್ನ ಮಟ್ಟಿಗೆ ಲಾಗವೂ ಬೇಕು, ಪ್ರೋಟೀನೂ ಬೇಕು. ಪೊರೆಯ ಮೇಲಿನ ಸಿಡಿ36 ಎಂಬ ಪ್ರೋಟೀನ್ ಕೊಬ್ಬಿನಾಮ್ಲವನ್ನು ಹಿಡಿಯುತ್ತದೆ. ನೃಪತುಂಗ ಬೆಟ್ಟ ಹತ್ತುವಾಗ ಕಾಲಿನ ಸ್ನಾಯು ಬಿಗಿಯುತ್ತದೆ ಅಲ್ವಾ? ಹಾಗೆ ಬಿಗಿದಾಗ ಕೋಶದೊಳಗಿದ್ದ ಸಿಡಿ36 ಪೊರೆಗೆ ಬರುತ್ತದೆ, ಕೊಬ್ಬು ಒಳಗೆ ಬರುವ ವೇಗ ಹೆಚ್ಚುತ್ತದೆ. ಇನ್ಸುಲಿನ್ನಿಗೂ ಇದು ಹೀಗೇ ಓಗೊಡುತ್ತದೆ.

ಒಳಗೆ ಬಂದದ್ದು ಲಾಗ ಹಾಕಿ ವಾಪಸ್ ಹೋಗಬಹುದು. ಅದಕ್ಕೇ ಕೋಶ ಎಟಿಪಿ (ಕೋಶದ ಶಕ್ತಿಯ ನಾಣ್ಯ) ಖರ್ಚು ಮಾಡಿ ಅದಕ್ಕೆ ಕೋಎನ್ಜೈಮ್-ಎ ಎಂಬ ದೊಡ್ಡ ಅಣುವನ್ನು ಕಟ್ಟುತ್ತದೆ. ಅಷ್ಟು ದೊಡ್ಡ ಗಂಟು ಕಟ್ಟಿಕೊಂಡು ಪೊರೆ ದಾಟಲು ಆಗದು.

ಶಕ್ತಿಗಾಗಿ ಉರಿಸಬೇಕಾದರೆ ಮೈಟೊಕಾಂಡ್ರಿಯಾದ (ಕೋಶದೊಳಗಿನ ಶಕ್ತಿಮನೆ) ಒಳಪೊರೆಯನ್ನೂ ದಾಟಬೇಕು. ಹಾಳೆಯ ಕೆಳಗೆ ಅದನ್ನೂ ಬರೆಯಿರಿ. ಇಲ್ಲಿ ಉದ್ದ ಸರಪಳಿಗಳಿಗೆ ಲಾಗ ನಡೆಯುವುದಿಲ್ಲ. ಕೋಎನ್ಜೈಮ್-ಎ ಬಿಚ್ಚಿ ಕಾರ್ನಿಟೀನ್ ಎಂಬ ಸಣ್ಣ ಅಣುವನ್ನು ಕಟ್ಟಿಕೊಂಡು ಒಳಗೆ ಹೋಗಬೇಕು, ಹೋದ ಮೇಲೆ ಮತ್ತೆ ಕೋಎನ್ಜೈಮ್-ಎ. ಕೊಬ್ಬರಿ ಎಣ್ಣೆಯಲ್ಲಿರುವ 8, 10 ಕಾರ್ಬನ್ನಿನ ಗಿಡ್ಡ ಆಮ್ಲಗಳು ಮಾತ್ರ ಬಹುಮಟ್ಟಿಗೆ ಕಾರ್ನಿಟೀನ್ ಇಲ್ಲದೆಯೇ ನುಗ್ಗುತ್ತವೆ. ಅವಕ್ಕೆ ಬೇರೆ ಬಣ್ಣದಲ್ಲಿ ಬಾಣ ಹಾಕಿ.