ಬಾದಾಮಿ ಗುಡ್ಡಕ್ಕೆ ಮಕ್ಕಳ ಜೊತೆ, ಎರಡನೇ ಸಲ

ಮೊದಲ ಸಲ ಹೋದಾಗ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟಿದ್ದೆವು. ಅದೂ ಏಪ್ರಿಲ್ ಬಿಸಿಲಲ್ಲಿ. ಐಹೊಳೆ ಮುಟ್ಟುವಷ್ಟರಲ್ಲಿ ಸಣ್ಣವಳು ದುರ್ಗಾ ಗುಡಿಯ ನೆರಳಲ್ಲಿ ಮಲಗೇಬಿಟ್ಟಳು. ದೊಡ್ಡವನು "ಮತ್ತ ಗುಡಿನಾ?" ಅಂದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ಹೊತ್ತಿಗೆ ಒಂದು ಕಂಬಕ್ಕೂ ಇನ್ನೊಂದಕ್ಕೂ ನನಗೇ ಫರಕು ತಿಳಿಯುತ್ತಿರಲಿಲ್ಲ.

ಎರಡನೇ ಸಲ ಡಿಸೆಂಬರಿನಲ್ಲಿ ಹೋದೆವು. ವಿಜಯಪುರದಿಂದ ರೈಲು, ಬಾದಾಮಿಯಲ್ಲೇ ಒಂದು ರಾತ್ರಿ ವಸ್ತಿ. ಪಟ್ಟದಕಲ್ಲು, ಐಹೊಳೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅತ್ತೆಯವರಿಗೆ ಇದು ಸರಿಬರಲಿಲ್ಲ. "ಅಲ್ಲಿತನಾ ಹೋಗಿ ಬಿಟ್ಟ ಬರೂದಾ?" ಅಂದರು. ಬನಶಂಕರಿ ದರ್ಶನ ತಪ್ಪಿಸುವುದಿಲ್ಲ ಅಂದ ಮೇಲೆ ಸುಮ್ಮನಾದರು.

ರೈಲಿನಲ್ಲೇ ಕಥೆ ಹೇಳಿ ಮುಗಿಸಿದೆ. ವಾತಾಪಿ, ಇಲ್ವಲ ಅಂತ ಇಬ್ಬರು ರಾಕ್ಷಸ ಅಣ್ಣತಮ್ಮಂದಿರು. ವಾತಾಪಿ ಆಡಾಗುತ್ತಾನೆ. ಇಲ್ವಲ ಅದನ್ನೇ ಅಡುಗೆ ಮಾಡಿ ಅತಿಥಿಗೆ ಉಣ್ಣಿಸಿ, "ವಾತಾಪಿ, ಹೊರಗೆ ಬಾ" ಅನ್ನುತ್ತಾನೆ. ಅತಿಥಿಯ ಹೊಟ್ಟೆ ಹರಿದು ಅವನು ಬರುತ್ತಾನೆ. ಕೊನೆಗೆ ಅಗಸ್ತ್ಯರು ಊಟ ಮಾಡಿ, ಹೊಟ್ಟೆ ಸವರಿಕೊಂಡು, "ಜೀರ್ಣವಾಗು" ಅಂದುಬಿಟ್ಟರು. ಕೆರೆಯ ಎರಡೂ ಕಡೆ ಇರುವ ಗುಡ್ಡಗಳೇ ಆ ಇಬ್ಬರು ಅಂತ ಹೇಳುತ್ತಾರೆ, ಕೆರೆಗೆ ಅಗಸ್ತ್ಯರ ಹೆಸರು. ಕೆಂಪು ಬಂಡೆ ಕಂಡದ್ದೇ ತಡ, "ಯಾವ್ದು ವಾತಾಪಿ?" ಅಂತ ಜಗಳ ಶುರುವಾಯಿತು.

ಮೇಣಬಸದಿಗೆ, ಅಂದರೆ ಬಾದಾಮಿಯ ಗುಹೆಗಳಿಗೆ, ಬೆಳಿಗ್ಗೆಯೇ ಹತ್ತಿದೆವು, ನಾಷ್ಟಾ ಕೆಳಗೇ ಮುಗಿಸಿ. ಕೈಯಲ್ಲಿ ಏನೂ ಇರಕೂಡದು, ಇದು ಮಂಗಗಳಿಂದ ಕಲಿತ ಪಾಠ. ಹಿಂದಿನ ಸಲ ಮಗಳ ಕೈಯಿಂದ ಬಿಸ್ಕಿಟ್ ಪುಡಿಕೆ ಕಿತ್ತುಕೊಂಡು ಹೋಗಿತ್ತು. ಒಳಗೆ ಏನಿದೆ ಅಂತ ಮಂಗ ನೋಡುವುದಿಲ್ಲ, ಪ್ಲಾಸ್ಟಿಕ್ ಚೀಲ ಸರ್ ಅಂದರೆ ಸಾಕು. ಈ ಸಲ ನೀರಿನ ಬಾಟಲಿ ಕೂಡ ಬೆನ್ನಿನ ಚೀಲದೊಳಗೇ ಇತ್ತು.

ಮೊದಲ ಗುಹೆಯಲ್ಲಿ ನಾನು ಏನನ್ನೂ ವಿವರಿಸಲಿಲ್ಲ. ನಟರಾಜನ ಮುಂದೆ ನಿಲ್ಲಿಸಿ, "ಕೈ ಎಷ್ಟು ಎಣಿಸ್ರಿ" ಅಂದೆ. ಬಲಗಡೆಯವು ಮಗನಿಗೆ, ಎಡಗಡೆಯವು ಮಗಳಿಗೆ. ಮಗಳಿಗೆ ಹತ್ತರವರೆಗೆ ಬರುತ್ತದೆ, ಪುಣ್ಯಕ್ಕೆ ಒಂದು ಕಡೆ ಒಂಬತ್ತೇ. ಒಟ್ಟು 18. ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿಹೋಯಿತು. ಅಷ್ಟರಲ್ಲಿ ಯಾವ ಕೈಯಲ್ಲಿ ಏನಿದೆ ಅಂತ ಅವರೇ ನೋಡಿಬಿಟ್ಟಿದ್ದರು. ಆಮೇಲೆ ಎಡಗಡೆಯ ದ್ವಾರಪಾಲಕನ ಕೆಳಗೆ ಕೂರಿಸಿದೆ. ಅಲ್ಲಿ ಎರಡು ಪ್ರಾಣಿಗೆ ಒಂದೇ ತಲೆ.

"ಆನಿ!"

"ಅಲ್ಲ, ಎತ್ತು!"

ಇಬ್ಬರೂ ಸರಿ. ಈ ಕಡೆಯಿಂದ ಆನೆ, ಆ ಕಡೆಯಿಂದ ಎತ್ತು. ಅರ್ಧ ತಾಸು ಅಲ್ಲೇ ಹೋಯಿತು, ಹೋಗಲಿ ಬಿಡಿ.

ಎರಡನೆಯದರಲ್ಲಿ ತಲೆ ಎತ್ತಿ ಛತ್ತು ನೋಡಲು ಹೇಳಿದೆ. ಚಕ್ರದ ಅರಗಳೆಲ್ಲ ಮೀನು, ಒಟ್ಟು 16. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ರಾಜ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು, ಇಸವಿ 578 ಅಂತ ಶಾಸನವೇ ಹೇಳುತ್ತದೆ. ಇಸವಿ ನನ್ನ ಖುಷಿಗೆ. ಅವರಿಗೆ ಬೇಕಾದದ್ದು ವಿಷ್ಣು ಹಾವನ್ನೇ ಕುರ್ಚಿ ಮಾಡಿಕೊಂಡು ಕೂತದ್ದು. ನಾಲ್ಕನೆಯದು ಜೈನರದ್ದು, ಅಲ್ಲಿಗೆ ಹೋಗುವಾಗ ಮಗಳು ನನ್ನ ಹೆಗಲ ಮೇಲಿದ್ದಳು. ಮೆಟ್ಟಿಲು ಎತ್ತರ, ಅವಳ ಕಾಲು ಸಣ್ಣವು.

ಮಧ್ಯಾಹ್ನ ಏನೂ ಇಟ್ಟುಕೊಳ್ಳಲಿಲ್ಲ, ನಿದ್ದೆ ಅಷ್ಟೇ. ಸಂಜೆ ಭೂತನಾಥ ಗುಡಿಯ ಮುಂದೆ ಕೆರೆ ನೋಡುತ್ತ ಕೂತೆವು. ಎರಡು ದಿನದಲ್ಲಿ ನನಗೆ ಹಿಡಿಸಿದ ಹೊತ್ತು ಅದು.

ಮರುದಿನ ಬೆಳಿಗ್ಗೆ ಆಟೋದಲ್ಲಿ ಮಹಾಕೂಟ. ಮಕ್ಕಳಿದ್ದವರು ಇಲ್ಲಿಗೆ ಒಂದು ಜೊತೆ ಬಟ್ಟೆ ಜಾಸ್ತಿ ತನ್ನಿ. ವಿಷ್ಣು ಪುಷ್ಕರಣಿಯಲ್ಲಿ ಊಟೆಯ ನೀರು, ನಡುವೆ ಸಣ್ಣ ಮಂಟಪದಲ್ಲಿ ಐದು ಮುಖದ ಲಿಂಗ. ಗುಡಿ ಆಮೇಲೆ, ಮೊದಲು ನೀರು. ಮಗನ ಕೈ ಅವರಪ್ಪ ಬಿಡಲಿಲ್ಲ, ಮಗಳನ್ನು ನಾನು ಮೇಲಿನ ಮೆಟ್ಟಿಲಲ್ಲೇ ಕೂರಿಸಿದೆ. ಅತ್ತೆಯವರು ಮಾತ್ರ ಸೀರೆ ಸಮೇತ ಮೂರು ಸಲ ಮುಳುಗಿ ಎದ್ದರು. ಇಲ್ಲಿದ್ದ ಮಂಗಳೇಶನ ಶಾಸನದ ಕಂಬ ಈಗ ನಮ್ಮ ಗೋಳಗುಮ್ಮಟದ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಹೇಳಿದಾಗ ಮಗ, "ಹಂಗಾದ್ರ ವಾಪಸ್ ಕೊಡೂಣು" ಅಂದ.

ಬನಶಂಕರಿಗೆ ಬಂದಾಗ ಹೊಟ್ಟೆ ಹಸಿದಿತ್ತು. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು, "ಬರ್ರಿ ಅಕ್ಕಾರ, ರೊಟ್ಟಿ ಉಣ್ರಿ" ಅಂತ ಕರೆಯುತ್ತಿದ್ದರು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮನೆಯಲ್ಲಿ ರೊಟ್ಟಿ ಬೇಡ ಅನ್ನುವವರು ಎರಡೆರಡು ತಿಂದರು.

ಮೊದಲು ದರ್ಶನ ಮಾಡಿಯೇ ಊಟಕ್ಕೆ ಕೂತಿದ್ದೆವು. ರೊಟ್ಟಿ ಮುರಿಯುತ್ತಿದ್ದ ಮಗ ತಟ್ಟನೆ ಕೇಳಿದ, "ಈ ದೇವಿಗೆ ಎಷ್ಟ ಕೈ?" ಎಂಟು ಅಂದರೆ ನಂಬಲಿಲ್ಲ. ಮತ್ತೆ ಪಾಳಿ ಹಚ್ಚಿದೆವು, ಅತ್ತೆಯವರ ಖುಷಿ ಹೇಳತೀರದು. ಒಳಗೆ ಹೋದರೆ ಸೀರೆ, ಹೂವಿನಲ್ಲಿ ದೇವಿಯ ಮುಖ ಅಷ್ಟೇ ಕಾಣುತ್ತಿತ್ತು. ಇವನು ಬಗ್ಗಿ ಬಗ್ಗಿ ನೋಡುತ್ತ ನಿಂತ. ಹಿಂದೆ ಜನ ತಳ್ಳುತ್ತಿದ್ದರು. ಪೂಜಾರಿಗಳು ತೀರ್ಥ ಕೊಡುತ್ತ ಅಂದರು:

"ಎಂಟ ಅದಾವೋ ತಮ್ಮಾ, ಮುಂದ ನಡಿ."